ಐದನೆಯ ಮುದ್ದೆ

‘ಐದನೆಯ ಮುದ್ದೆ ನಾಯಿಗೆ’ ಎಂದು ಹೇಳಿದವಳು ನಾನು. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. ಆ ಮುದ್ದೆ ನನ್ನ ಅಕ್ಕ ಮಾದೇವಮ್ಮನದು. ನಾನು ಆ ಮಾತು ಆಡಿದಾಗ ಅವಳು ನಾಲ್ಕು ಮಾರು ಆಚೆಗೆ, ಅರಿಶಿನ ತುಂಬಿಡುವ ಕೋಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ ಕೂತಿದ್ದಳು. ಅವಳ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಇದನ್ನು ಬರೆಯಬೇಡ ಎಂದು ನನ್ನ ಮಗ ಹೇಳಿದ್ದಾನೆ. ನನ್ನ ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ. “ಈಗ್ಯಾಕವ್ವ ಅದೆಲ್ಲ? ನಾಕು ಜನ ಏನಂದ್ಕಂಡಾರು?” ಎಂದ. ಆ ನಾಲ್ಕು ಜನಕ್ಕೆ ಹೆದರಿಯೇ ನಾನು ಒಂದು ಜೀವವನ್ನು ನಾಯಿ ಮಾಡಿದೆ. ಇನ್ನು ಹೆದರುವುದಿಲ್ಲ. ಎಪ್ಪತ್ತು ದಾಟಿದವಳನ್ನು ಅವರು ಏನು ಮಾಡಿಯಾರು — ಮದುವೆ ತಪ್ಪಿಸಿಯಾರೆ?

ಕಾಲವೇ ಹಾಗಿತ್ತು ಎಂದು ಬೆನ್ನು ಸವರಲು ಬರುವವರು ಇಲ್ಲಿಗೇ ನಿಲ್ಲಿ. ಕಾಲ ಬಂದು ನನ್ನ ಬಾಯಲ್ಲಿ ಮಾತಾಡಲಿಲ್ಲ. ನಾಲಿಗೆ ನನ್ನದು, ಮಾತು ನನ್ನದು. ಅದೇ ಕಾಲದಲ್ಲಿ ಅದೇ ಊರಿನಲ್ಲಿ ನಿಜ ಹೇಳಿದ ಹೆಂಗಸರಿದ್ದರು. ಅವರ ನಿಜವನ್ನು ಕಾಗದಕ್ಕೆ ಇಳಿಸಿಕೊಂಡವಳೂ ನಾನೇ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದಳು. ಹರದನಹಳ್ಳಿಯಿಂದ ಚಾಮರಾಜನಗರದ ಶಾಲೆಗೆ ನನ್ನನ್ನು ನಡೆಸಿಕೊಂಡು ಹೋಗಿ ಬಿಟ್ಟು, ಸಂಜೆ ಮತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ತಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳನ್ನು ಕೊಳ್ಳೇಗಾಲದ ಕಡೆಗೆ ಕೊಟ್ಟರು. ಅಲ್ಲಿ ಹುಟ್ಟಿದ ಮಗು ಮೂರು ತಿಂಗಳಿಗೆ ಹೋಯಿತು. ಆಮೇಲೆ ಅಕ್ಕ ಮೊದಲು ಮಾತು ಬಿಟ್ಟಳು, ನಂತರ ಯಾರೂ ಇಲ್ಲದ ಕಡೆ ತಿರುಗಿಕೊಂಡು ಮಾತಾಡತೊಡಗಿದಳು. ಗಂಡನ ಮನೆಯವರು ಒಂದು ಟ್ರಂಕಿನ ಜೊತೆ ಅವಳನ್ನು ತಂದು ನಮ್ಮ ಜಗಲಿಯ ಮೇಲೆ ಕೂರಿಸಿ, ನೀರು ಕೂಡ ಕುಡಿಯದೆ ಹೊರಟುಹೋದರು.

ತಾಯತ ಕಟ್ಟಿಸಿದೆವು. ಬೇವಿನ ಸೊಪ್ಪಿನಲ್ಲಿ ಹೊಡೆಸಿದೆವು — ಹೌದು, ಅದನ್ನೂ ಮಾಡಿಸಿದೆವು. ಅವಳು ಮಗುವನ್ನು ಹುಡುಕಿಕೊಂಡು ರಸ್ತೆ ಹಿಡಿಯುತ್ತಿದ್ದುದರಿಂದ ಅಪ್ಪ ಅರಿಶಿನದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದ. ಆದರೆ ಬೆಳಿಗ್ಗೆ ಅವಳನ್ನು ಹೊರಗೆ ಬಿಡುತ್ತಿದ್ದೆವು. ಅವ್ವ ಹಿಟ್ಟು ತೊಳಸಿ ಇಳಿಸಿದರೆ ಮುದ್ದೆ ಕಟ್ಟುವವಳು ಅಕ್ಕನೇ. ಎಲ್ಲ ಮರೆತರೂ ಅವಳ ಕೈ ಅದನ್ನು ಮರೆತಿರಲಿಲ್ಲ. ಅಜ್ಜಿ, ಅಪ್ಪ, ಅವ್ವ, ನಾನು, ತಾನು — ಐದು ಮುದ್ದೆ, ಒಂದೇ ಅಳತೆ, ಒಂದು ಬಿರುಕಿಲ್ಲ.

ಆ ಹೊತ್ತಿಗೆ ಮೈಸೂರಿನಿಂದ ಒಬ್ಬ ಡಾಕ್ಟರು ಬಂದರು. ಐವತ್ತರ ದಶಕದ ನಡುವಿನ ಮಾತು ಇದು. ಮನಸ್ಸಿನ ಕಾಯಿಲೆಯವರು ಯಾವ ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರು ನೋಡಿಕೊಳ್ಳುತ್ತಾರೆ, ನೋಡಿಕೊಳ್ಳುವವರ ಗತಿ ಏನು — ಇದನ್ನೆಲ್ಲ ಕೇಳಿ ಬರೆದು ಸಂಶೋಧನೆ ಮಾಡಬೇಕು ಎಂದರು. ಪಟ್ಟಿಗೆ ಬಂದ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಜೀಪಿನಲ್ಲಿ ಡಾಕ್ಟರು, ನರ್ಸಮ್ಮ ಬರುತ್ತಾರೆ, ಹೊಸ ಔಷಧ ಕೊಡುತ್ತಾರೆ, ಮನೆಯವರ ಜೊತೆ ಕೂತು ಮಾತಾಡುತ್ತಾರೆ. ಅಡಿಗೆಮನೆಯ ಮಾತು ಗಂಡಸರಿಗೆ ಸಿಗುವುದಿಲ್ಲ ಎಂದು ಓದಿದ ಹುಡುಗಿಯರನ್ನು ಹುಡುಕಿದರು. ಟೀಚರ್ ಕೆಲಸಕ್ಕೆ ಕಾಯುತ್ತ ಕೂತಿದ್ದ ನಾನು ಸೇರಿಕೊಂಡೆ.

ಮೊದಲ ವಾರ ಎಲ್ಲ ಮನೆಯಲ್ಲೂ ಒಂದೇ ಉತ್ತರ — ‘ನಮ್ಮಲ್ಲಿ ಅಂಥೋರು ಯಾರೂ ಇಲ್ಲ ಕಣವ್ವ.’ ನನಗೆ ರೇಗಿಹೋಯಿತು. ನಮ್ಮ ಮನೆಯನ್ನು ಬಲ್ಲವಳಿಗೆ ಬೇರೆಯವರ ಮನೆಯ ಸುಳ್ಳು ತಿಳಿಯದೆ ಇರುತ್ತದೆಯೇ? ಡಾಕ್ಟರು ಕೊಟ್ಟ ಪ್ರಶ್ನೆಗಳ ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನೇ ಹುಟ್ಟಿಸಿಕೊಂಡೆ. ಜಗಲಿಯಲ್ಲಿ ಗಂಡಸರನ್ನು ‘ಮನೆಯಲ್ಲಿ ಎಷ್ಟು ಜನ’ ಎಂದು ಕೇಳುವುದು, ಆಮೇಲೆ ಒಲೆಯ ಮುಂದೆ ಹೆಂಗಸರನ್ನು ‘ಹೊತ್ತಿಗೆ ಎಷ್ಟು ಮುದ್ದೆ’ ಎಂದು ಕೇಳುವುದು. ಗಂಡಸರು ಆರು ಎಂದರೆ ಹೆಂಗಸರು ಏಳು ಎನ್ನುತ್ತಿದ್ದರು. ಜನರ ಲೆಕ್ಕದಲ್ಲಿ ಬಚ್ಚಿಟ್ಟವರನ್ನು ಮುದ್ದೆಯ ಲೆಕ್ಕದಲ್ಲಿ ಯಾವ ತಾಯಿಯೂ ಬಿಡುತ್ತಿರಲಿಲ್ಲ.

ಚಂದಕವಾಡಿಯ ಸಿದ್ದಮ್ಮ ಹಾಗೆಯೇ ಸಿಕ್ಕಿದಳು. ದನದ ಕೊಟ್ಟಿಗೆಯ ಮೂಲೆಯಲ್ಲಿ, ತಲೆ ಬೋಳಿಸಿ ಕೂರಿಸಿದ್ದ ಸೊಸೆ. ಅವಳ ಅತ್ತೆ ನನ್ನ ಮೇಲೆ ಹರಿಹಾಯ್ದಳು, ‘ನಿನ್ ಬಾಯ್ಗೆ ಮಣ್ಣಾಕ’ ಎಂದಳು. ಹಾಳೆಯ ಕೊನೆಯ ಪ್ರಶ್ನೆಯನ್ನು ನಾನು ಬಿಡಲಿಲ್ಲ — ಈ ಮನೆಗೆ ಏನು ಸಹಾಯ ಬೇಕು? ಆ ಗಟ್ಟಿ ಹೆಂಗಸು ಒಲೆಯ ಮುಂದೆ ಕುಕ್ಕರಿಸಿ ಕೂತಳು. “ಒಂದ್ ದಿನ ಇವಳ್ನ ಯಾರಾರ ನೋಡ್ಕಂಡ್ರೆ ಸಾಕು ಕಣವ್ವ. ನನ್ ತಮ್ಮ ಸತ್ತಾಗ್ಲೂ ನಾ ತವ್ರಿಗೆ ಓಗ್ನಿಲ್ಲ” ಎಂದಳು. ಹಾಗೆಯೇ ಬರೆದುಕೊಂಡೆ. ಡಾಕ್ಟರು ಅದನ್ನು ಎರಡು ಸಲ ಓದಿದರು. ನನ್ನ ಮುದ್ದೆಯ ಪ್ರಶ್ನೆಯನ್ನು ಮಿಕ್ಕ ಹುಡುಗಿಯರಿಗೂ ಹೇಳಿಕೊಟ್ಟರು. ನಾನು ಎಷ್ಟು ಉಬ್ಬಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ನಮ್ಮ ಮನೆಯ ಹಾಳೆಯನ್ನೂ ನಾನೇ ತುಂಬಬೇಕಿತ್ತು. ತುಂಬಿದೆ — ನಾಲ್ಕು ಜನ, ಕಾಯಿಲೆಯವರು ಇಲ್ಲ.

ಯಾಕೆ? ಗುಂಡ್ಲುಪೇಟೆಯಿಂದ ನನಗೊಂದು ಸಂಬಂಧ ಬಂದಿತ್ತು. ಗಂಡು ಮೇಷ್ಟರು. ದೊಡ್ಡ ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಅಪ್ಪ ಅವರಿಗೆ ಹೇಳಿದ್ದ. ಗಂಡಿನ ತಂದೆ ಅರಿಶಿನ ಕೊಳ್ಳಲು ನಮ್ಮೂರಿಗೇ ಬರುವವರು. ಜೀಪು ನಮ್ಮ ಬಾಗಿಲಲ್ಲಿ ನಿಂತಿದ್ದನ್ನು ಅವರು ಕಂಡರೆ — ಅಷ್ಟೇ, ಮುಗಿಯಿತು. ಅಪ್ಪ ನನಗೆ ಬರೆಯಬೇಡ ಎನ್ನಲಿಲ್ಲ. ಯಾರೂ ಎನ್ನಲಿಲ್ಲ. ನನಗೆ ಆ ಮೇಷ್ಟರು ಬೇಕಾಗಿದ್ದರು, ಆ ಮನೆಯಿಂದ ಹೊರಗೆ ಹೋಗಬೇಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ನಾವು ತಂದ ಹಾಳೆಗಳನ್ನು ತಾಳೆ ನೋಡಲು ನರ್ಸಮ್ಮ ಮನೆಮನೆಗೆ ಬರುತ್ತಿದ್ದರು. ನಮ್ಮ ಮನೆಗೆ ಬರುವ ದಿನ ಅಕ್ಕ ಎಂದಿನಂತೆ ಐದು ಮುದ್ದೆ ಕಟ್ಟಿ ತಟ್ಟೆಗಳಿಗೆ ಹಾಕಿದ್ದಳು. ನಾನು ಅವಳ ಹಿಟ್ಟಿನ ಕೈಯನ್ನು ಹಿಡಿದುಕೊಂಡೇ ಕೋಣೆಗೆ ಕರೆದೊಯ್ದೆ. ಚಿಲಕ ಹಾಕಿದವಳು ನಾನು. ಅವಳು ನನ್ನ ಜೊತೆ ಬಂದುಬಿಟ್ಟಿದ್ದಳು. ಶಾಲೆಗೆ ಹೋಗುವಾಗ ನಾನು ಅವಳ ಕೈ ಹಿಡಿದು ಹೀಗೆಯೇ ಸುಮ್ಮನೆ ಹೋಗುತ್ತಿದ್ದೆ.

ನರ್ಸಮ್ಮ ಅಡಿಗೆಮನೆಯ ಹೊಸಿಲಲ್ಲಿ ಕೂತು, ನಗುತ್ತ, ನನ್ನದೇ ಪ್ರಶ್ನೆಯನ್ನು ಅವ್ವನಿಗೆ ಕೇಳಿದರು — “ಹೊತ್ತಿಗೆ ಎಷ್ಟು ಮುದ್ದೆ ಕಟ್ಟುತ್ತೀರಮ್ಮ?”

“ಐದು” ಎಂದಳು ಅವ್ವ. ಅವ್ವನಿಗೆ ಬೇರೆ ಲೆಕ್ಕ ಬರುತ್ತಿರಲಿಲ್ಲ.

ನರ್ಸಮ್ಮ ಹಾಳೆ ನೋಡಿದರು, ನನ್ನನ್ನು ನೋಡಿದರು. ಆಗ, ಒಂದು ಚೂರೂ ತಡವರಿಸದೆ, ಹೇಳಿದೆ.

“ಐದನೆಯದು ನಾಯಿಗೆ.”

“ನಾಯಿ ಎಲ್ಲಿ, ಕಾಣಲಿಲ್ಲವಲ್ಲ?”

“ಅಪ್ಪನ ಜೊತೆ ಹೊಲಕ್ಕೆ ಹೋಗಿದೆ.”

ಅವ್ವ ನನ್ನ ಮುಖವನ್ನೇ ನೋಡಿದಳು. ಅವಳು ಆಗ ಬಾಯಿ ಬಿಟ್ಟಿದ್ದರೆ — ಇಲ್ಲ, ಅವ್ವನನ್ನು ಇದಕ್ಕೆ ಎಳೆಯುವುದಿಲ್ಲ. ನರ್ಸಮ್ಮ ನನ್ನನ್ನು ನಂಬಿದರು. ಅಷ್ಟೊಂದು ಬಚ್ಚಿಟ್ಟವರನ್ನು ಹೊರತೆಗೆದ ಹುಡುಗಿಯನ್ನು ಯಾರು ತಾನೆ ನಂಬುವುದಿಲ್ಲ? ಹಾಳೆಗೆ ಸಹಿ ಹಾಕಿ, ಮಜ್ಜಿಗೆ ಕುಡಿದು ಹೋದರು.

ಮಧ್ಯಾಹ್ನ ಅವ್ವ ತಟ್ಟೆ ಹಿಡಿದು ಕೋಣೆಯ ಬಾಗಿಲು ತೆಗೆದಳು. ಅಕ್ಕ ತಟ್ಟೆಯನ್ನು ಮೆಲ್ಲಗೆ ಹೊಸಿಲಾಚೆಗೆ ತಳ್ಳಿದಳು. “ನಾಯ್ಗಿಕ್ಕವ್ವ” ಎಂದಳು. ಎಷ್ಟೋ ತಿಂಗಳ ನಂತರ ಅವಳು ನೆಟ್ಟಗೆ ಒಬ್ಬರ ಮುಖ ನೋಡಿ ಆಡಿದ ಮಾತು ಅದು. ಹುಚ್ಚಿಗೆ ಏನು ತಿಳಿಯುತ್ತದೆ ಎನ್ನುವವರು ಇದನ್ನು ಇನ್ನೊಂದು ಸಲ ಓದಿ. ಅಂದಿನಿಂದ ಅವಳು ಮುದ್ದೆ ಕಟ್ಟಲಿಲ್ಲ, ತಿನ್ನಲೂ ಇಲ್ಲ. ಅಂಬಲಿ ಕೊಟ್ಟರೆ ಕುಡಿಯುತ್ತಿದ್ದಳು.

ಜೀಪು ಬರತೊಡಗಿತು. ನಮ್ಮ ಬೀದಿಯಲ್ಲೇ ಬಂದು ನಮ್ಮ ಮನೆ ದಾಟಿ ಮುಂದಿನ ತಿರುವಿನ ಮನೆಯ ಮುಂದೆ ನಿಲ್ಲುತ್ತಿತ್ತು. ಅದು ಬರುವ ದಿನ ಅವ್ವ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಂದು ಸಲ, “ಈಗ್ಲಾದ್ರೂ ಯೋಳಮ್ಮಿ” ಎಂದಳು. “ಮದುವೆ ಆಗಿಬಿಡಲಿ, ಸುಮ್ಮನಿರವ್ವ” ಎಂದೆ. ಮದುವೆಯಾಯಿತು. ಗುಂಡ್ಲುಪೇಟೆಗೆ ಹೋದೆ. ಆಮೇಲಾದರೂ ಡಾಕ್ಟರಿಗೆ ಒಂದು ಕಾಗದ ಬರೆದು ಹಾಕಬಹುದಿತ್ತು. ಹಾಕಿದರೆ ಮೋಸ ಮಾಡಿ ಬಂದವಳು ಎಂದು ಗಂಡನ ಮನೆಯವರು ಅನ್ನುತ್ತಾರೆಂದು ಹಾಕಲಿಲ್ಲ. ಮೊದಲು ಮದುವೆಗಾಗಿ ಹೇಳಿದ ಸುಳ್ಳು, ಆಮೇಲೆ ಆ ಸುಳ್ಳಿಗಾಗಿ ಸುಮ್ಮನಿದ್ದದ್ದು. ಒಂದೆರಡು ವರ್ಷಕ್ಕೆ ಡಾಕ್ಟರು ಕೆಲಸ ಮುಗಿಸಿ ಹೊರಟರು, ಜೀಪು ನಿಂತುಹೋಯಿತು.

ಅದಾದ ಮೇಲೊಂದು ದಿನ, ತವರಿಗೆ ಹೋಗಲು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಬ್ಬ ಹೆಂಗಸು ನನ್ನ ಮುಂದೆ ಬಂದು ನಿಂತಳು. ತುರುಬು ಕಟ್ಟಿ ಹೂ ಮುಡಿದಿದ್ದಳು, ಪಕ್ಕದಲ್ಲಿ ಸೊಪ್ಪಿನ ಬುಟ್ಟಿ. “ಗುರ್ತು ಸಿಕ್ನಿಲ್ವ? ನಾ ಚಂದಕವಾಡಿ ಸಿದ್ದಮ್ಮ” ಎಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು. “ನೀವು ಬರ್ಕಂಡೋಗಿದ್ಕೆ ನಾ ಬದುಕ್ದೆ ಕಣವ್ವ. ನಮ್ಮತ್ತೇನೂ ತವ್ರಿಗೆ ಓಗಿ ಬಂತು.” ಒಂದು ಕಟ್ಟು ಸೊಪ್ಪನ್ನು ನನ್ನ ಚೀಲಕ್ಕೆ ತುರುಕಿ ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ.

ಆ ಸೊಪ್ಪನ್ನು ಹಿಡಿದುಕೊಂಡು ಮನೆಗೆ ಹೋದೆ. ಚಿಲಕ ಹಾಗೆಯೇ ಇತ್ತು. ಅಕ್ಕ ಗೋಡೆಯ ಕಡೆ ತಿರುಗಿ ಕೂತಿದ್ದಳು, ನಾನು ಬಂದೆ ಎಂದು ತಿರುಗಲಿಲ್ಲ. ಸಿದ್ದಮ್ಮನಂತೆ ಅಕ್ಕನೂ ಗುಣವಾಗಿಯೇ ಆಗುತ್ತಿದ್ದಳು ಎಂದು ನಾನು ಹೇಳಲಾರೆ. ಆಗದೆಯೂ ಇರಬಹುದಿತ್ತು. ಆದರೆ ಅದನ್ನು ನೋಡುವುದಕ್ಕೆ ಡಾಕ್ಟರಿದ್ದರು, ನಾನು ಯಾರು? ಅವಳು ಇನ್ನೂ ಆರು ವರ್ಷ ಆ ಕೋಣೆಯಲ್ಲಿದ್ದು, ಒಂದು ಬೇಸಿಗೆಯಲ್ಲಿ ಜ್ವರ ಬಂದು ಹೋದಳು. ಕೊನೆಯವರೆಗೂ ನನ್ನನ್ನು ಮಾತಾಡಿಸಲಿಲ್ಲ. ಅವ್ವ ಮಾತ್ರ ತಾನು ಇರುವವರೆಗೂ ಒಂದು ಮುದ್ದೆ ಹೆಚ್ಚಿಗೇ ಕಟ್ಟಿದಳು.

ಗಂಡನಿಗೆ ಹೇಳಿದ್ದು ನಮಗಿಬ್ಬರಿಗೂ ವಯಸ್ಸಾದ ಮೇಲೆ. ಅವರು ಕನ್ನಡಕ ತೆಗೆದು, “ಆಗಲೇ ಹೇಳಿದ್ರೂ ನಾನು ಮದ್ವೆ ಆಗ್ತಿದ್ದೆ ಕಣೆ” ಎಂದರು. ನಿಜವೋ ಸಮಾಧಾನದ ಮಾತೋ ಗೊತ್ತಿಲ್ಲ. ನಿಜವಾಗಿದ್ದರೆ… ಬೇಡ, ಅದನ್ನು ಪೂರ್ತಿ ಯೋಚಿಸುವಷ್ಟು ಎದೆ ಈಗಲೂ ನನಗಿಲ್ಲ.

ಬರೆಯುವ ಮುಂಚೆ ಮೊಮ್ಮಗಳನ್ನು ಕೇಳಿದೆ. ಅಕ್ಕನನ್ನು ಕೇಳದೆ ಅವಳ ಬಾಳು ತೀರ್ಮಾನಿಸಿದವಳು ಇವಳನ್ನಾದರೂ ಕೇಳಬೇಕಲ್ಲ. ಎಲ್ಲವನ್ನೂ ಕೇಳಿಸಿಕೊಂಡಳು. ನನ್ನನ್ನು ಸಮಾಧಾನ ಮಾಡಲಿಲ್ಲ, ಅದು ನನಗೆ ಹಿಡಿಸಿತು. “ಬರಿ ಅಜ್ಜಿ. ಇದಕ್ಕೆ ಹೆದ್ರೋರು ನನಗೂ ಬೇಡ” ಎಂದಳು.

ಆದ್ದರಿಂದ ಬರೆದಿದ್ದೇನೆ. ಕ್ಷಮೆ ಕೇಳುತ್ತಿಲ್ಲ. ಕೊಡಬೇಕಾದವಳು ಇಲ್ಲ, ಬೇರೆಯವರು ಕೊಡುವ ಕ್ಷಮೆ ನನಗೆ ಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಚಿಲಕ ಹಾಕಿದ ಕೋಣೆ ಇದ್ದರೆ ನನ್ನನ್ನು ಬಯ್ದು ಮುಗಿಸಿದ ಮೇಲೆ ಎದ್ದು ಹೋಗಿ ಅದನ್ನು ತೆಗೆಯಿರಿ.

ನಾಡಿದ್ದು ಗಂಡಿನ ಕಡೆಯವರು ಬರುತ್ತಾರೆ. ಅವರು ಇರುವಷ್ಟು ಹೊತ್ತು ನೀನು ಒಳಗಿನ ಕೋಣೆಯಲ್ಲೇ ಇರವ್ವ ಎಂದಿದ್ದಾನೆ ಮಗ. ಇರುವುದಿಲ್ಲ. ನಡುಮನೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂತಿರುತ್ತೇನೆ. ನಿಮ್ಮ ಕಡೆ ಯಾರು ಯಾರು ಇದ್ದಾರೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಅಕ್ಕನಿಂದ ಶುರು ಮಾಡುತ್ತೇನೆ.