ಅಕ್ಕನ ಕಾಲಳತೆ

ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನೀರಿನ ಮೀಟರು ಓದುವುದು ನನ್ನ ಕೆಲಸ. ಎಷ್ಟು ಲೀಟರು ಬಂತು, ಎಷ್ಟು ಹೋಯಿತು ಎಂದು ದಿನವಿಡೀ ಬರೆಯುತ್ತೇನೆ. ಹೀಗಾಗಿ ಹರಿಹರದ ಹತ್ತಿರ ಭತ್ತ ಬೆಳೆಯುವ ನನ್ನ ಅಕ್ಕ ಕಾಲಲ್ಲಿ ನೀರು ಅಳೆಯುವುದು ನನಗೆ ಎಂದೂ ಹಿಡಿಸಿದ್ದಿಲ್ಲ.

ಗದ್ದೆಯ ಕೊನೆಯ ಮೂಲೆಯಲ್ಲಿ, ಮಣ್ಣಿನ ಮಟ್ಟಕ್ಕೆ ಹೂತ ಒಂದು ಚಪ್ಪಡಿ ಕಲ್ಲಿದೆ. ಚಾನಲ್ ನೀರು ಬಿಟ್ಟ ಮೇಲೆ ಅಕ್ಕ ಬರಿಗಾಲಲ್ಲಿ ಅದರ ಮೇಲೆ ನಿಲ್ಲುತ್ತಾಳೆ. ನಾಟಿಯಾದ ಹೊಸದರಲ್ಲಿ ಬೆರಳುಗಳ ಮೇಲೆ ತಣ್ಣಗಾದರೆ ಸಾಕು. ತೆನೆ ಬರುವ ಹೊತ್ತಿಗೆ ಕಾಲಿನ ಹರಡು, ಅಂದರೆ ಪಾದದ ಗಿಣ್ಣು, ಮುಳುಗಬೇಕು. ಕೆಳಗೆ ನೋಡುವುದೇ ಇಲ್ಲ. ಮೇಲಿನ ಗದ್ದೆಯವರು ನೀರು ತಿರುಗಿಸಿಕೊಂಡಾರೆಂದು ಕಣ್ಣೆಲ್ಲ ತೂಬಿನ ಮೇಲೆ. ಇಷ್ಟು ವರ್ಷ ಅವಳ ಅಳತೆ ಒಮ್ಮೆಯೂ ತಪ್ಪಿರಲಿಲ್ಲ. ಇದನ್ನು ಒಪ್ಪುವಾಗ ನನಗೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಈ ಸಲ ನಾಟಿಯಾದ ಮೂರನೇ ದಿನ ಹೋದೆ. ಅಕ್ಕ ಕಲ್ಲಿನ ಮೇಲೆ ನಿಂತಿದ್ದಳು. ನೀರು ಅವಳ ಹರಡು ದಾಟಿತ್ತು. ಸಸಿಗಳ ತುದಿಯಷ್ಟೇ ಕಾಣುತ್ತಿತ್ತು, ಕೆಲವು ಕಿತ್ತು ತೇಲುತ್ತಿದ್ದವು.

"ಅಕ್ಕ, ತೂಬು ಮುಚ್ಚಲ್ಲೇನು?"

"ತಡಿ, ಇನ್ನೂ ಬಂದಿಲ್ಲ ನೀರು. ಅವಸರ ಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. ಮೀಟರು ಹಾಕಿಸು ಎಂದು ಬಡಕೊಂಡೆ, ಕೇಳಲಿಲ್ಲ, ಈಗ ನೋಡು ಎಂದು ಶುರು ಮಾಡಿದೆ. ಅಕ್ಕ ಆಗ ಕೆಳಗೆ ನೋಡಿದಳು. ಬಗ್ಗಿ ಕಾಲಿನ ಪಕ್ಕದಲ್ಲಿ ಕೈ ಅದ್ದಿದಳು. ನೀರೊಳಗೇ ತನ್ನ ಕಾಲ್ಬೆರಳು ಚಿವುಟಿ ನೋಡಿದಳು.

ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು. ಪಿ.ಜೆ. ಬಡಾವಣೆಯ ಡಾಕ್ಟರು ಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳಿದಾಗ ನನ್ನೆದುರೇ ಇಲ್ಲ ಎಂದಿದ್ದಳು.

"ಯಾವಾಗಿಂದ?" ಎಂದೆ.

"ಹೋದ ಬೆಳೇಲಿ ಬೆರಳಷ್ಟೇ ಜೋಮಾಗಿದ್ವು. ಹರಡಿಗೆ ತಿಳೀತಿತ್ತು. ನಿನಗೆ ಹೇಳಿದ್ರೆ ಗದ್ದೆ ಬಿಟ್ಟುಬಿಡು ಅಂತಿದ್ದಿ."

ಅನ್ನುತ್ತಿದ್ದೆ, ಸುಳ್ಳಲ್ಲ. ಕೂಗಾಡಿದ್ದಕ್ಕೆ ನಾಚಿಕೆಯಾಯಿತು.

ಅಕ್ಕ ಹೋಗಿ ತೂಬು ಮುಚ್ಚಿ ಬಂದಳು. "ಬೂಟು ಬಿಚ್ಚಿ ನೀನು ನಿಂದ್ರು. ನಾನು ನೀರು ಇಳಿಸ್ತೀನಿ. ಬೆರಳಿನ ಮಟ್ಟಕ್ಕೆ ಬಂದಾಗ ಹೇಳು" ಎಂದಳು.

ಪ್ಯಾಂಟು ಮಡಚಿ ಕಲ್ಲಿನ ಮೇಲೆ ನಿಂತೆ. ಸಲಿಕೆಯಿಂದ ಬದು ಕಡಿಯುತ್ತಿದ್ದವಳು ನಡುವೆ ನಿಲ್ಲಿಸಿದಳು.

"ತಣ್ಣಗೈತೇನು?"

"ಐತೆ, ಅಕ್ಕ."

"ಭಾಳಾ?" ಎಂದು ಮತ್ತೆ ಕೇಳಿದಳು.