ಕೆಂಪು ನೂಲು ಸುತ್ತಿದ ಬ್ರಷ್

ಲೀಲಕ್ಕ, ಆ ಮುಂಗುಸಿ ಕೂದಲಿನ ಬ್ರಷ್ ನಿನ್ನದಲ್ಲ, ನನ್ನದು. ತಂದವಳು ನಾನು, ಏನೆಂದು ಗೊತ್ತಿದ್ದೇ ತಂದವಳು ನಾನು. ಆರು ವರ್ಷದಿಂದ ಅದರ ಕೇಸಿಗಾಗಿ ನೀನು ಕೋರ್ಟಿಗೆ ಅಲೆಯುತ್ತಿದ್ದೀಯ, ನಾನು ಕಿಟಕಿಯ ಹಿಂದೆ ನಿಂತು ನೀನು ಬಸ್ಸು ಹತ್ತುವುದನ್ನು ನೋಡುತ್ತಿದ್ದೇನೆ.

ಇಲ್ಲಿ ಬರೆಯುವುದರಲ್ಲಿ ನಿನಗೆ ಗೊತ್ತಿರುವುದೇ ಹೆಚ್ಚು. ಆದರೂ ಬಿಡದೆ ಬರೆಯುತ್ತೇನೆ, ಇದನ್ನು ನೀನೊಬ್ಬಳೇ ಓದಿದರೆ ಸಾಲದು.

ಮಲ್ಲಂದೂರಿನ ನಮ್ಮ ತೋಟದಲ್ಲಿ, ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಹಳೆಯ ಪಲ್ಪರ್ ಶೆಡ್ಡಿನಲ್ಲಿ ನಾವು ಐದು ಹೆಂಗಸರು ಬೊಂಬೆ ಮಾಡುತ್ತಿದ್ದೆವು. ಕಿತ್ತುಹಾಕಿದ ಕಾಫಿ ಗಿಡದ ಬೊಡ್ಡೆಯಲ್ಲಿ ಕೆತ್ತಿದ, ಹೆಬ್ಬೆರಳಿಗಿಂತ ಚಿಕ್ಕ ಬೊಂಬೆಗಳು — ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಣ್ಣು ಕೊಯ್ಯುವವಳು, ಮೆಣಸು ಕೊಯ್ಯಲು ಏಣಿ ಹೊತ್ತವನು, ಛತ್ರಿ ಹಿಡಿದ ಮೇಸ್ತ್ರಿ. ಕೊಟ್ಟಿಗೆಹಾರದ ಅಂಗಡಿಗಳಲ್ಲಿ ಘಾಟಿ ಇಳಿಯುವ ಪ್ರವಾಸಿಗರು ಅವನ್ನು ಕೊಳ್ಳುತ್ತಿದ್ದರು. ಸೀರೆ, ಅಂಚು, ಬುಟ್ಟಿ ಯಾರಾದರೂ ಬಳಿದಾರು; ಕಣ್ಣು ಮಾತ್ರ ನೀನೇ ಬರೆಯಬೇಕು. ಸಾಸಿವೆಯಷ್ಟು ಜಾಗದಲ್ಲಿ ನೀನು ಬರೆದ ಕಣ್ಣು ನಿಜಕ್ಕೂ ನಮ್ಮನ್ನು ನೋಡುತ್ತಿತ್ತು.

ಬ್ರಷ್ ಆರಿಸುವುದು ನನ್ನ ಕೆಲಸ. ಅದರಲ್ಲಿ ನನಗೆ ಎಷ್ಟು ಜಂಬ! ಅಂಗಡಿಯವನಿಂದಲೇ ನೀರು ತರಿಸಿ, ಅದ್ದಿ, ಒಮ್ಮೆ ಕೊಡವಿ, ಹೆಬ್ಬೆರಳ ಉಗುರಿನ ಮೇಲೆ ಗೆರೆ ಎಳೆದು ನೋಡದೆ ಒಂದನ್ನೂ ತರುತ್ತಿರಲಿಲ್ಲ. ಹೊಸಬರು ಕಣ್ಣು ಬರೆಯಲಿಕ್ಕೆಂದರೆ ತೀರ ತೆಳ್ಳಗಿನದನ್ನೇ ಹಿಡಿಯುತ್ತಾರೆ. ಅದು ಬೊಂಬೆಯ ಮುಖ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಬ್ರಷ್ಷಿನ ಹೊಟ್ಟೆ ತುಂಬ ಬಣ್ಣ ಹಿಡಿಯಬೇಕು, ತುದಿ ಒಂದೇ ಎಳೆಯಾಗಬೇಕು, ಬಗ್ಗಿಸಿ ಬಿಟ್ಟರೆ ತಟ್ಟನೆ ನೆಟ್ಟಗಾಗಬೇಕು. ನಾವು ಬಳಸುತ್ತಿದ್ದ ನೈಲಾನಿನ ಬ್ರಷ್ಷಿನ ತುದಿ ವಾರದೊಳಗೆ ಕೊಕ್ಕೆಯಾಗಿಬಿಡುತ್ತಿತ್ತು. ನೀನು ಗೊಣಗುತ್ತಿದ್ದೆ.

ಆಗ ಚಿಕ್ಕಮಗಳೂರಿನಲ್ಲಿ ಒಬ್ಬ ಪೇಪರಿನಲ್ಲಿ ಸುತ್ತಿಟ್ಟಿದ್ದ ಎರಡು ಬ್ರಷ್ ತೋರಿಸಿದ. ಕೂದಲಿನ ಬುಡ ಕಂದು, ನಡುವೆ ಬಿಳಿ, ತುದಿ ಮತ್ತೆ ಕಂದು. "ಮುಂಗುಸಿದು ಅಮ್ಮಾ, ಯಾರ ಹತ್ರನೂ ಹೇಳ್ಬೇಡಿ" ಎಂದ. ಆ ಕೂದಲಿಗಾಗಿ ಮುಂಗುಸಿಗಳನ್ನು ಕೊಲ್ಲುತ್ತಾರೆ, ಅದನ್ನು ಇಟ್ಟುಕೊಳ್ಳುವುದೂ ಅಪರಾಧ — ನನಗೆ ಗೊತ್ತಿತ್ತು. ಉಗುರಿನ ಮೇಲೆ ಒಂದು ಗೆರೆ ಎಳೆದೆ. ಅಂಥ ಗೆರೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡನ್ನೂ ಕೊಂಡೆ, ನಿನಗೊಂದು ಕೊಟ್ಟು ಮೇಕೆ ಕೂದಲಿನದು ಎಂದೆ.

ಒಬ್ಬರ ಕೈಗೆ ಹದವಾದ ಬ್ರಷ್ ಇನ್ನೊಬ್ಬರು ಮುಟ್ಟಬಾರದೆಂಬುದು ನಮ್ಮ ಶೆಡ್ಡಿನ ನಿಯಮ. ಅದಕ್ಕೇ ಹಿಡಿಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ನೂಲು. ನೀನು ಅದೇ ದಿನ ನಿನ್ನ ಕೆಂಪು ನೂಲು ಸುತ್ತಿದೆ, ತುದಿಗೆ ಅಂಟು ಹಚ್ಚಿ ಒತ್ತಿದೆ. ನನ್ನ ಪಾಲಿನದಕ್ಕೆ ನಾನು ನೂಲು ಸುತ್ತಲಿಲ್ಲ, ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟೆ. ಆಗಲೇ ಹೆದರಿದ್ದೆನೇ? ಹೆದರಿದ್ದರೆ ನಿನ್ನ ಕೈಯಲ್ಲಿದ್ದದ್ದನ್ನು ಯಾಕೆ ಕಸಿದುಕೊಳ್ಳಲಿಲ್ಲ —

ಅರಣ್ಯ ಇಲಾಖೆಯ ಜೀಪು ಬಂದದ್ದು ಊಟದ ಹೊತ್ತಿಗೆ. ಪೇಟೆಯಲ್ಲಿ ಯಾರ ಬಳಿಯೋ ಇಂಥ ಬ್ರಷ್ ಸಿಕ್ಕಿತ್ತಂತೆ, ಬಣ್ಣದ ಕೆಲಸ ಮಾಡುವವರನ್ನೆಲ್ಲ ಹುಡುಕಿಕೊಂಡು ಹೊರಟಿದ್ದರು. ಅವರ ಸಾಹೇಬರು ನಮ್ಮ ಬ್ರಷ್ಷಿನ ಡಬ್ಬಿಯಿಂದ ನಿನ್ನದನ್ನೇ ಎತ್ತಿದರು.

"ಈ ಕೆಂಪು ನೂಲು ಯಾರದು?"

"ಲೀಲಕ್ಕಂದು ಸಾರ್" ಎಂದೆ. ಅದು ಸುಳ್ಳಲ್ಲ.

"ಬ್ರಷ್ ಎಲ್ಲಿಂದ ಬಂತು?"

"ಗೊತ್ತಿಲ್ಲ ಸಾರ್. ನಾವು ಕೊಡೋದು ನೈಲಾನ್ ಮಾತ್ರ. ಅವಳೇ ತಂದಿರ್ಬೇಕು."

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದೆ — "ಅವಳ ಗಂಡ ಮುಂಚೆ ಹಂದಿಗೆ ಉರುಳು ಹಾಕ್ತಿದ್ದ ಸಾರ್." ಲೀಲಕ್ಕ, ತೀರಿಕೊಂಡವನ ಹೆಸರನ್ನೂ ನಾನು ಬಿಡಲಿಲ್ಲ. ಸಾಹೇಬರು ತಲೆಯಾಡಿಸಿದರು. ಅವರಿಗೆ ಎಲ್ಲ ಅರ್ಥವಾದಂತಿತ್ತು.

ನೀನು ಕೈಯಲ್ಲಿದ್ದ ಅನ್ನವನ್ನು ತಟ್ಟೆಗೆ ಬಿಟ್ಟು ಎದ್ದೆ. ಹತ್ತಿರ ಬಂದು ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, "ಅಮ್ಮಾ, ನೀವೇ ಅಲ್ವಾ ಕೊಟ್ಟಿದ್ದು?" ಎಂದೆ. ಜೋರಾಗಿ ಕೇಳಬಹುದಿತ್ತು. ನನ್ನ ಮರ್ಯಾದೆ ಹೋಗಬಾರದೆಂದು ಮೆಲ್ಲಗೆ ಕೇಳಿದೆ.

"ಈಗ ಸುಮ್ನಿರು ಲೀಲಕ್ಕ, ಆಮೇಲೆ ನಾನು ನೋಡ್ತೀನಿ" ಎಂದೆ.

ನೀನು ಅದನ್ನು ನಂಬಿದೆ. ನಂಬಿದ್ದಕ್ಕೇ ಸುಮ್ಮನೆ ಜೀಪು ಹತ್ತಿದೆ, ರೇಂಜ್ ಆಫೀಸಿನಲ್ಲಿ ಹೇಳಿದ ಕಡೆ ಸಹಿ ಹಾಕಿದೆ. ಜೀಪು ತಿರುವು ದಾಟುವುದನ್ನೇ ಕಾದು ನಾನು ಬೀರು ತೆಗೆದೆ, ಇನ್ನೊಂದು ಬ್ರಷ್ಷನ್ನು ಒಲೆಗೆ ಹಾಕಿದೆ. ಕೂದಲು ಸುಟ್ಟ ವಾಸನೆಗೆ ಅತ್ತೆ ಒಳಗಿನಿಂದ "ಏನದು?" ಎಂದರು. ಬಾಚಣಿಗೆಯ ಕೂದಲು ಎಂದೆ.

ಒಂಬತ್ತನೇ ದಿನ ನೀನು ಜಾಮೀನಿನ ಮೇಲೆ ಬಂದೆ. ಎಲ್ಲರೆದುರು ಅತ್ತು ರಂಪ ಮಾಡುತ್ತೀಯೆಂದು ಎಣಿಸಿ ಕದ ಹಾಕಿಕೊಂಡು ಕೂತಿದ್ದೆ. ನೀನು ನಮ್ಮ ಮನೆಯ ಕಡೆ ತಿರುಗಿಯೂ ನೋಡದೆ ಕೂಲಿಯವರ ಲೈನ್ ಮನೆಗೆ ಹೋದೆ. ಆಮೇಲೆ ಶೆಡ್ಡಿಗೆ ಬರಲಿಲ್ಲ. ಕಣ್ಣಿಲ್ಲದ ಬೊಂಬೆ ಯಾರಿಗೆ ಬೇಕು, ಒಂದೆರಡು ತಿಂಗಳಲ್ಲಿ ಶೆಡ್ಡು ಮುಚ್ಚಿತು. ನೀನು ಇಲ್ಲಿಂದಲೇ ದಿನಾ ಬೇರೆ ತೋಟಕ್ಕೆ ಹಣ್ಣು ಕೊಯ್ಯಲು ಹೋಗತೊಡಗಿದೆ. ಅಷ್ಟು ಸೂಕ್ಷ್ಮದ ಕೈ!

ನನ್ನ ಭಯವೂ ಸುಮ್ಮನಿರಲಿಲ್ಲ. ತೋಟದ ದಾರಿಯಲ್ಲಿ ಯಾವ ಜೀಪು ಬಂದರೂ ನಾನು ಹಿತ್ತಿಲಿಗೆ ಹೋಗಿ ನಿಲ್ಲುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ಹೇಳಿಬಿಡಬೇಕೆಂದು ನಿನ್ನ ಬಾಗಿಲವರೆಗೆ ಎರಡು ಸಲ ಬಂದೆ, ನಿನ್ನ ಕೆಮ್ಮು ಕೇಳಿತು, ತಿರುಗಿ ಓಡಿದೆ. ಪಾಪಪ್ರಜ್ಞೆ ಎಂದು ಹೇಳಿಕೊಂಡರೆ ದೊಡ್ಡ ಮಾತಾದೀತು. ಬಹುಪಾಲು ಅದು ಬರೀ ಹೆದರಿಕೆ, ನನಗೇನಾಗುತ್ತದೋ ಎಂಬ ಹೆದರಿಕೆ.

ಹೋದ ವಾರ ಸಮನ್ಸ್ ಬಂತು. ನಿನ್ನ ಕೇಸಿನಲ್ಲಿ ನಾನು ಸಾಕ್ಷಿ — ನಿನ್ನ ವಿರುದ್ಧದ ಸಾಕ್ಷಿ. ಬರುವ ಸೋಮವಾರ ಪ್ರಮಾಣ ಮಾಡಿ ಹೇಳಬೇಕು. ಅವತ್ತು ನಡೆದದ್ದನ್ನು ನನ್ನ ಯಜಮಾನರಿಗೆ ಮೊದಲ ಸಲ ಹೇಳಿದೆ. ಕೋರ್ಟಿನಲ್ಲಿ ನಿಜ ಹೇಳಿಬಿಡಲೇ ಎಂದು ಕೇಳಿದೆ. ಅವರು, "ತಲೆ ಕೆಟ್ಟಿದ್ಯಾ ಮಾರಾಯ್ತಿ? ಅವತ್ತು ಹೇಳಿದ್ದನ್ನೇ ಹೇಳಿ ಬಾ. ಇಲ್ದಿದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ" ಎಂದರು. ನಿಜವೇ ಇರಬಹುದು. ಜೈಲಿನ ಯೋಚನೆ ಬಂದ ರಾತ್ರಿ ಎದ್ದು ಇನ್ನೊಂದು ಕಂಬಳಿ ಹೊದೆಯುತ್ತೇನೆ. ನೀನು ಆ ಒಂಬತ್ತು ದಿನ ಎಲ್ಲಿ ಮಲಗಿದ್ದೆ, ಏನು ಹೊದ್ದಿದ್ದೆ — ಒಂದು ದಿನವೂ ಕೇಳಲಿಲ್ಲ ನಾನು.

ನನ್ನ ಸ್ವಭಾವ ನನಗೆ ಗೊತ್ತು. ಕಟಕಟೆಯಲ್ಲಿ ನಿಲ್ಲಿಸಿ ಯಾರಾದರೂ ಗಟ್ಟಿಯಾಗಿ ಪ್ರಶ್ನೆ ಕೇಳಿದರೆ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ಸೋಮವಾರದವರೆಗೆ ನನ್ನನ್ನು ನಂಬಿ ಬಿಡುವಂತಿರಲಿಲ್ಲ. ಅದಕ್ಕೇ ಈ ಬೆಳಿಗ್ಗೆ ಇದನ್ನೆಲ್ಲ ಬೇರೊಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ನಿನ್ನ ವಕೀಲರ ಕೈಗೆ ಕೊಟ್ಟು ಬಂದೆ. ಬಸ್ ಸ್ಟ್ಯಾಂಡಿನವರೆಗೆ ಹೋದವಳು, ವಾಪಸ್ ಕೊಡಿ ಎಂದು ಕೇಳಲು ತಿರುಗಿ ಬಂದು ಮತ್ತೆ ಮೆಟ್ಟಿಲು ಹತ್ತಿದೆ. ಅವರು ಬಾಗಿಲಿಗೆ ಬೀಗ ಹಾಕಿ ಆಗಲೇ ಕೋರ್ಟಿಗೆ ಹೊರಟುಹೋಗಿದ್ದರು.