ಬ್ಯಾಡ ಅಂದ ಚನ್ನಬಸಪ್ಪ ಕಾಕಾ

ಪಾಸ್‌ವರ್ಡ್ ಒತ್ತುವಾಗ ಚನ್ನಬಸಪ್ಪ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಕೀಬೋರ್ಡಿನ ಮೇಲೆ ಹೊದೆಸುತ್ತಿದ್ದರು. ಕೈ ಟವೆಲಿನೊಳಗೆ, ಕಣ್ಣು ನಮ್ಮ ಮೇಲೆ. ಒಬ್ಬರೇ ಇದ್ದಾಗಲೂ ಹಾಗೆಯೇ. ಮಾಲಕರ ತೀರಿಹೋದ ತಂದೆಯ ಗೋಡೆಯ ಮೇಲಿನ ಫೋಟೋ ಕಡೆಗೆ ಒಮ್ಮೆ ನೋಡಿ ಮುಂದುವರಿಯುವುದನ್ನು ಕಿಟಕಿಯಿಂದ ನಾನೇ ಕಂಡಿದ್ದೇನೆ.

ಕಿಣ್ಣಿ ಸುಲ್ತಾನ ಎಂಬ ಊರಿನವರಾದ ಅವರು ಆಳಂದದ ಒಂದು ತೊಗರಿಬೇಳೆ ಮಿಲ್ಲಿಗೆ ಮ್ಯಾನೇಜರು. ನಾನು ಅಲ್ಲಿನ ಕಂಪ್ಯೂಟರು ನೋಡಿಕೊಳ್ಳುವವನು. ಅಫಜಲಪುರ ಮತ್ತು ಜೇವರ್ಗಿಯ ಖರೀದಿ ಕಚೇರಿಯವರು ತಮ್ಮೂರಿನಲ್ಲೇ ಕೂತು ನಮ್ಮ ಸರ್ವರಿನೊಳಗೆ ಬಂದು ಆ ದಿನದ ತೊಗರಿಯ ವಿವರ ತುಂಬುತ್ತಿದ್ದರು. ಹೀಗೆ ದೂರದಿಂದ ಒಳಬರುವುದೇ ಕಾಕಾಗೆ ಸರಿಬರುತ್ತಿರಲಿಲ್ಲ. "ಬಾಗಿಲಾ ಬಡೀಲಾರದ ಒಳಗ ಬರೋರಿಗಿ ಏನಂತಾರ ತಮ್ಮಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವರ ಸಂಶಯಕ್ಕೆ ನಾವೆಲ್ಲ ನಗುತ್ತಿದ್ದೆವು. ಆದರೆ ಅದು ಮಿಲ್ಲನ್ನು ಕಾದದ್ದೂ ಇದೆ. ಬ್ಯಾಂಕಿನವನೆಂದು ಫೋನ್ ಮಾಡಿ ಒಟಿಪಿ ಕೇಳಿದವನಿಗೆ ಕಾಕಾ, ನಿನ್ನ ಊರು ಯಾವುದು, ಓಣಿ ಯಾವುದು, ಓಣಿಯಲ್ಲಿ ಯಾರ ಮನೆಯವನು ಎಂದು ಕೇಳುತ್ತಲೇ ಹೋದರು. ಕೊನೆಗೆ ಅವನೇ ಬೇಸತ್ತು ಫೋನಿಟ್ಟ. "ಸುಳ್ಳ ಊರಿಗಿ ಓಣಿ ಎಲ್ಲಿಂದ ತರ್ತಾನ?" ಎಂದು ಕಾಕಾ ಚಹಾ ಕುಡಿದರು, ಅದನ್ನೂ ಮೂಸಿ ನೋಡಿಯೇ.

ಜೇವರ್ಗಿಯಲ್ಲಿ ಸುವರ್ಣಾ ಹೊಸದಾಗಿ ಸೇರಿದ್ದಳು. ಕೆಲಸಕ್ಕೆ ಹೋಗಲು ಮಾವನನ್ನು ಒಪ್ಪಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಒಂದು ಬೆಳಿಗ್ಗೆ ಎರಡೂ ಊರಿನಿಂದ ಯಾರಿಗೂ ಸರ್ವರಿನೊಳಗೆ ಬರಲಾಗಲಿಲ್ಲ. ಆಳಂದದಲ್ಲಿ ಅದರ ಮುಂದೆ ಕೂತರೆ ಎಲ್ಲ ಸರಿಯಾಗಿತ್ತು.

"ಇಲ್ಲಿ ನಡೀತದ, ಹೊರಗಿಂದ ನಡ್ಯಂಗಿಲ್ಲ. ಅಂದ್ರ ಹೊರಗಿನವರೇ ಕೈ ಹಾಕ್ಯಾರ," ಎಂದರು ಕಾಕಾ. ಅಫಜಲಪುರದವನು ಹಳಬ. ಹಾಗಾಗಿ ನೇರ ಜೇವರ್ಗಿಗೆ ಫೋನ್ ಹಚ್ಚಿದರು. "ಚಾವಿ ವಾಚಮನ್ ಕೈಯಾಗ ಕೊಟ್ಟು ಮನಿಗಿ ಹೋಗವಾ."

"ನಾ ಏನೂ ಮಾಡಿಲ್ರಿ ಕಾಕಾರ. ಹಿಂಗ ಕಳಸಬ್ಯಾಡ್ರಿ, ಮತ್ತ ನನಗ ಹೊರಗ ಬಿಡಂಗಿಲ್ರಿ," ಎನ್ನುತ್ತಿದ್ದ ಅವಳ ಅಳುದನಿ ನನಗೂ ಕೇಳಿಸಿತು. ಕಾಕಾ ಫೋನಿಟ್ಟರು.

ಅವರ ಮೇಲೆ ನನಗೆ ಸಿಟ್ಟೇ ಬಂತು. ಸರ್ವರಿನ ಒಂದೊಂದೇ ಸೆಟ್ಟಿಂಗ್ ತೆಗೆದು ನೋಡಿದೆ. ದೂರದಿಂದ ಬರಲು ಅನುಮತಿ ಇತ್ತು. ಆದರೆ ಸರ್ವರು ನಮ್ಮದೇ ನೆಟ್‌ವರ್ಕನ್ನು ಪರಕೀಯರದೆಂದು ಎಣಿಸಿ ಹೊರಗಿನಿಂದ ಬಂದವರನ್ನೆಲ್ಲ ತಡೆಯುತ್ತಿತ್ತು.

"ಕಾಕಾ, ನಿನ್ನೆ ಹೊಸ ರೂಟರ್ ಕೂಡಿಸಿದ ಮ್ಯಾಲ ಸ್ಕ್ರೀನಿನ ಮ್ಯಾಲ ಏನರೆ ಕೇಳಿತೇನ್ರಿ?"

"ಕೇಳ್ತು. ಬ್ಯಾರೆ ಕಂಪ್ಯೂಟರಿಗಿ ಇದು ಕಾಣಬೇಕೇನು ಅಂತ. ಯಾಕ ಕಾಣಬೇಕು? ಬ್ಯಾಡ ಅಂತ ಒತ್ತಿದೆ."

"ಅದಕ್ಕೇ ಅದು ಯಾರಿಗೂ ಒಳಗ ಬಿಡವಲ್ದು."

"ನೀ ಆಕಿ ಕಡೆ ಮಾತಾಡಾಕತ್ತಿ," ಎಂದು ಅವರು ನನ್ನ ಹಿಂದೆಯೇ ನಿಂತರು. ನಾನು ಆ ನೆಟ್‌ವರ್ಕು ನಮ್ಮದೇ ಎಂದು ಬದಲಿಸಿದೆ. ಕೂಡಲೇ ಅಫಜಲಪುರದವನು ಒಳಗೆ ಬಂದ. ಜೇವರ್ಗಿಯಿಂದ ಬರಲು ಅಲ್ಲಿ ಯಾರೂ ಇರಲಿಲ್ಲ. ಕಾಕಾ ಪರದೆಯನ್ನೇ ನೋಡುತ್ತ ನಿಂತುಬಿಟ್ಟರು. ಆಮೇಲೆ, "ಬಸ್ಸಿಗಿ ಹೋಗಮ್ ನಡಿ," ಎಂದರು.

ಜೇವರ್ಗಿಯಲ್ಲಿ ಅವಳ ಮಾವ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿಕೊಂಡ. ಕಾಕಾ ಕೈ ಮುಗಿದು, "ತಪ್ಪು ಹುಡುಗಿದಲ್ರಿ, ನಂದು. ಕೆಲಸಕ್ಕ ಕಳಸ್ರಿ," ಎಂದರು. ಆತ ಕಾಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮುಂಜಾನಿ ಕಳ್ಳಿ, ಮಧ್ಯಾಹ್ನ ಒಳ್ಳೇಕಿ. ಹಿಂಗ ಅನ್ರಿ ಅಂತ ಆಕೀನ ಹೇಳಿ ಕರಸ್ಯಾಳೇನು? ಏನ್ ನಡದದ ನಿಮ್ಮ ಆಫೀಸಿನ್ಯಾಗ?"

ಕಾಕಾ ಎಷ್ಟು ಹೇಳಿದರೂ ಆತ ನಂಬಲಿಲ್ಲ. ಹೇಳಿದಷ್ಟೂ ಅವನ ಸಂಶಯ ಹೆಚ್ಚಾಯಿತು. ಸುವರ್ಣಾಳನ್ನು ಮತ್ತೆ ಕೆಲಸಕ್ಕೆ ಕಳಿಸಲೂ ಇಲ್ಲ.

ಆ ಸುಗ್ಗಿ ಮುಗಿದ ಮೇಲೆ ಕಾಕಾ ಕೆಲಸ ಬಿಟ್ಟರು. ಊರಿನ ಬಸ್ಸು ಹತ್ತಿಸಲು ನಾನು ಹೋಗಿದ್ದೆ. ಅವರನ್ನು ಕಂಡದ್ದು ಅದೇ ಕೊನೆ. ಕಿಟಕಿ ಪಕ್ಕ ಕೂತರು. ಬಸ್ಸು ಹೊರಡುವಾಗ ಹತ್ತಿರ ಕರೆದರು.

"ಅವತ್ತು ಫೋನಿನ್ಯಾಗ ಆಕಿ ಅಳಾಕತ್ತಿದ್ದಳಲ್ಲ ತಮ್ಮಾ, ನಾ ಅದನ್ನೂ ನಾಟಕ ಅಂದ್ಕೊಂಡೆ."